ತಿಸಾ ನದಿಯ ಎರಡು ದಡ

ಇವತ್ತಿನ ಭೂಪಟದಲ್ಲಿ ಮಾರಮರೋಶ್ ಜಿಲ್ಲೆಯನ್ನು ಹುಡುಕಹೊರಟವರಿಗೆ ಮೊದಲು ಕಾಣುವುದು ಗಡಿಗೆರೆ. ತಿಸಾ ನದಿಯ ಉತ್ತರ ದಡ ಉಕ್ರೇನಿನದು, ದಕ್ಷಿಣ ದಡ ರೊಮೇನಿಯಾದ್ದು. ಮೊದಲ ಮಹಾಯುದ್ಧದವರೆಗೆ ಎರಡೂ ದಡಗಳು ಹಂಗೇರಿ ರಾಜ್ಯದ ಈಶಾನ್ಯ ಮೂಲೆಯ ಒಂದೇ ಜಿಲ್ಲೆಗೆ ಸೇರಿದ್ದವು. ಸಿಗೆತ್ ಅದರ ಕೇಂದ್ರ ಪಟ್ಟಣ.

ಸುಮಾರು 9,700 ಚದರ ಕಿಲೋಮೀಟರಿನ ಈ ಸೀಮೆಯಲ್ಲಿ ಉಳುವ ನೆಲ ಕಡಿಮೆ, ಕಾಡು ಹೆಚ್ಚು. ಈಶಾನ್ಯದ ಅಂಚಿನಲ್ಲಿ 2061 ಮೀಟರ್ ಎತ್ತರದ ಹೊವೆರ್ಲಾ, ದಕ್ಷಿಣಕ್ಕೆ ರೊದ್ನಾ ಬೆಟ್ಟಸಾಲಿನ 2303 ಮೀಟರಿನ ಪಿಯೆತ್ರೊಸುಲ್. ಕಾರ್ಪೇಥಿಯನ್ ಪರ್ವತಗಳ ಈ ಆವರಣದೊಳಗೆ ಹುಟ್ಟುವ ತಿಸಾ ಪಶ್ಚಿಮಕ್ಕೆ ದಾರಿ ಮಾಡಿಕೊಂಡು ಹಂಗೇರಿಯ ಬಯಲಿಗೆ ಇಳಿಯುತ್ತದೆ. ದಾಖಲೆಗಳಲ್ಲಿ 1199ರಲ್ಲಿ ಮೊದಲು ಕಾಣಿಸುವ ಮಾರಮರೋಶ್ ಇನ್ನೂ ಜಿಲ್ಲೆಯಲ್ಲ, ರಾಜನ ಬೇಟೆಯ ಕಾಡು.

ಕಾಡಿನ ಬುಡದಲ್ಲಿ ಉಪ್ಪಿತ್ತು. ರೋನಸೇಕ್, ಶುಗತಾಗ್, ಸ್ಲಾತಿನಾಗಳಲ್ಲಿ ನೆಲದೊಳಗಿನ ಉಪ್ಪುಬಂಡೆಯನ್ನು ಕಡಿದು ಮೇಲೆತ್ತುತ್ತಿದ್ದರು. ಸಮುದ್ರ ದೂರವಿದ್ದ ಹಂಗೇರಿಗೆ ಇದು ಬಹಳ ಬೆಲೆಯ ಸರಕು, ಅದರ ವ್ಯಾಪಾರ ರಾಜನ ಹಿಡಿತದಲ್ಲಿತ್ತು. ಸಾಗಿಸಲು ಬಂಡಿದಾರಿ ಸಾಲದು. ಅದಕ್ಕೆ ಕಾಡೇ ನೆರವಾಯಿತು. ಕಡಿದ ಮರದ ದಿಮ್ಮಿಗಳನ್ನು ಕಟ್ಟಿ ತೆಪ್ಪ ಮಾಡಿ, ಅದರ ಮೇಲೆ ಉಪ್ಪಿನ ಗಟ್ಟಿಗಳನ್ನು ಹೇರಿ ತಿಸಾದಲ್ಲಿ ಸೊಲ್ನೋಕ್, ಸೆಗೆದ್ ಪಟ್ಟಣಗಳವರೆಗೆ ತೇಲಿಬಿಡುತ್ತಿದ್ದರು. ಮರವಿಲ್ಲದ ಬಯಲುಸೀಮೆಯಲ್ಲಿ ಉಪ್ಪು ಇಳಿಸಿದ ಮೇಲೆ ತೆಪ್ಪದ ಮರಕ್ಕೂ ಕೊಳ್ಳುವವರಿದ್ದರು. ಬೆಟ್ಟಸೀಮೆಯ ಎರಡೂ ಸಂಪತ್ತು ಒಂದೇ ಪಯಣದಲ್ಲಿ ಮಾರಾಟವಾಗುತ್ತಿದ್ದವು. ಈ ಜಿಲ್ಲೆಯನ್ನು ಒಂದಾಗಿ ಹಿಡಿದಿಟ್ಟದ್ದು ಅರಸರ ಆಜ್ಞೆಗಿಂತ ಹೆಚ್ಚಾಗಿ ಈ ನದಿ ಎನ್ನಬೇಕು.

1329ರಲ್ಲಿ ರಾಜ ಮೊದಲನೆಯ ಕಾರೋಯ್ ವಿಶ್ಕ್, ಹುಸ್ತ್, ತೇಚೋ, ಹೊಸ್ಸುಮೆಜೋ ಊರುಗಳ ವಲಸಿಗರಿಗೆ ವಿಶೇಷ ಹಕ್ಕುಗಳ ಸನ್ನದು ಕೊಟ್ಟ. ಮುಂದೆ ಸಿಗೆತ್ ಕೂಡಿ ಇವು ಐದು ರಾಜಪಟ್ಟಣಗಳಾದವು. ಬೆಟ್ಟದ ಕಣಿವೆಗಳಲ್ಲಿದ್ದ ರೊಮೇನಿಯನ್ ಪಾಳೆಯಗಾರರು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಅವರಲ್ಲೊಬ್ಬನಾದ ಬೊಗ್ದಾನ್ ಕಾರೋಯ್‌ನ ನಂತರ ಬಂದ ರಾಜ ಲಾಯೋಶ್‌ನ ಮೇಲೆ ತಿರುಗಿಬಿದ್ದು ಪರ್ವತ ದಾಟಿ, ಮೊಲ್ದಾವಿಯಾ ಎಂಬ ಸ್ವತಂತ್ರ ರಾಜ್ಯವನ್ನೇ ಕಟ್ಟಿದ. 1365ರಲ್ಲಿ ರಾಜ ಲಾಯೋಶ್ ಅವನ ಜಮೀನನ್ನೆಲ್ಲ ಕಿತ್ತು ಬೇರೆಯವರಿಗೆ ಹಂಚಿದ.

1910ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 3.57 ಲಕ್ಷ ಮಂದಿ. ಉಕ್ರೇನಿಯನ್‌ಗೆ ಹತ್ತಿರವಾದ ರುಥೇನಿಯನ್ ಮಾತಾಡುವವರು ಎಲ್ಲರಿಗಿಂತ ಹೆಚ್ಚು, ನಂತರ ರೊಮೇನಿಯನ್ನರು. ಜರ್ಮನ್ ಭಾಷಿಕರೆಂದು ಬರೆಸಿದವರಲ್ಲಿ ಬಹುಪಾಲು ಯಿದ್ದಿಶ್ ಆಡುವ ಯಹೂದಿಗಳು; ಗಣತಿಯಲ್ಲಿ ಅವರ ಮಾತಿಗೆ ಬೇರೆ ಕಲಮೇ ಇರಲಿಲ್ಲ. ಆಳುವ ಹಂಗೇರಿಯನ್ನರು ನಾಲ್ಕನೆಯ ಸ್ಥಾನದಲ್ಲಿದ್ದರು.

1920ರ ಜೂನ್ 4ರ ತ್ರಿಯಾನೋ ಒಪ್ಪಂದ ನದಿಯನ್ನೇ ಗಡಿ ಮಾಡಿತು. ಉತ್ತರದ ಭಾಗ ಚೆಕೊಸ್ಲೊವಾಕಿಯಾಕ್ಕೆ, ಸಿಗೆತ್ ಸೇರಿದಂತೆ ದಕ್ಷಿಣದ ಭಾಗ ರೊಮೇನಿಯಾಕ್ಕೆ ಹೋಯಿತು. ಸಿಗೆತ್‌ಗೆ ಎದುರು ದಡದ ಸ್ಲಾತಿನಾ ಗಣಿ ಒಮ್ಮೆಲೇ ಪರದೇಶವಾಯಿತು. 1939ರಲ್ಲಿ ಉತ್ತರವನ್ನೂ 1940ರಲ್ಲಿ ದಕ್ಷಿಣವನ್ನೂ ಹಂಗೇರಿ ಮರಳಿ ಪಡೆದದ್ದು ಅಲ್ಪಕಾಲದ ಮಾತು. ಆದರೆ ಆ ಅಲ್ಪಕಾಲದಲ್ಲೇ ತುಂಬಲಾಗದ ನಷ್ಟವೂ ನಡೆದುಹೋಯಿತು: 1944ರ ಮೇ ತಿಂಗಳಲ್ಲಿ ಸಿಗೆತ್‌ನ ಯಹೂದಿಗಳನ್ನು ರೈಲಿಗೆ ತುಂಬಿ ಆಶ್‌ವಿಟ್ಸ್‌ಗೆ ಸಾಗಿಸಿದರು. ಆ ರೈಲುಗಳಲ್ಲಿದ್ದ ಹದಿನೈದರ ಹುಡುಗ ಎಲೀ ವೀಸೆಲ್ ಬದುಕುಳಿದು ಮುಂದೆ ಲೇಖಕನಾದ, 1986ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ. ತಲೆಮಾರುಗಳಿಂದ ಬಾಳಿದ ಆ ಸಮುದಾಯ ಮತ್ತೆ ಅಲ್ಲಿ ಚಿಗುರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಉತ್ತರ ದಡ ಸೋವಿಯತ್ ಒಕ್ಕೂಟಕ್ಕೂ 1991ರಲ್ಲಿ ಸ್ವತಂತ್ರ ಉಕ್ರೇನಿಗೂ ಸೇರಿತು. ಜಿಲ್ಲೆಗೆ ಅಸ್ತಿತ್ವ ಕೊಟ್ಟ ಉಪ್ಪಿನ ಗತಿ ಇನ್ನೂ ಕಷ್ಟದ್ದು. ಸ್ಲಾತಿನಾದ ಗಣಿಗಳಿಗೆ ನೀರು ನುಗ್ಗಿ ಅವು ಮುಚ್ಚಿಹೋದವು. ಊರಿನ ನೆಲ ಅಲ್ಲಲ್ಲಿ ಕುಸಿದು ದೊಡ್ಡ ಗುಂಡಿಗಳಾಗಿವೆ. ಆ ಊರನ್ನೂ ಸಿಗೆತ್ತನ್ನೂ ಜೋಡಿಸುವ ಮರದ ಸೇತುವೆ 2007ರಲ್ಲಿ ಸಂಚಾರಕ್ಕೆ ತೆರೆಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡಿದಾಗ ಉಕ್ರೇನಿನ ತಾಯಂದಿರು ಮಕ್ಕಳ ಕೈಹಿಡಿದು ರೊಮೇನಿಯಾಕ್ಕೆ ದಾಟಿದ ದಾರಿಗಳಲ್ಲಿ ಇದೂ ಒಂದು.