ಶನಿವಾರದ ಪ್ರಾತಃಕಾಲ

ಅಮೆರಿಕದ ಮಕ್ಕಳಿಗೆ ಒಂದು ಕಾಲದಲ್ಲಿ ಶನಿವಾರದ ಪ್ರಾತಃಕಾಲವೆಂಬುದು, ತಾಯಿತಂದೆಗಳು ಇನ್ನೂ ನಿದ್ರಿಸುತ್ತಿರುವಾಗಲೇ ಎದ್ದು ಟೆಲಿವಿಷನ್ನಿನ ಮುಂದೆ ಕುಳಿತು ಕಾರ್ಟೂನುಗಳನ್ನು ನೋಡುತ್ತ ಅನುಭವಿಸುವ ಹಬ್ಬವಾಗಿದ್ದಿತು. ಆ ಹಬ್ಬದ ಶಿಲ್ಪಿಗಳಲ್ಲಿ ಅಗ್ರಗಣ್ಯರೂ ಟಾಮ್ ಮತ್ತು ಜೆರ್ರಿಯ ಸೃಷ್ಟಿಕರ್ತರೂ ಆದ ವಿಲಿಯಂ ಹಾನಾ, ಜೋಸೆಫ್ ಬಾರ್ಬೆರಾ ಇವರು 1957ರಲ್ಲಿ ತಮ್ಮದೇ ಚಿತ್ರಶಾಲೆಯನ್ನು ಸ್ಥಾಪಿಸಿ, ಟೆಲಿವಿಷನ್ನಿನ ಅಲ್ಪಧನಕ್ಕೆ ತಕ್ಕಂತೆ, ಬರೆಯಬೇಕಾದ ಚಿತ್ರಗಳ ಸಂಖ್ಯೆಯನ್ನೇ ತಗ್ಗಿಸಿದರು. ಅವರ ಯೋಗಿ ಎಂಬ ಕರಡಿಯ ಕೊರಳಪಟ್ಟಿಯು ಕೇವಲ ಅಲಂಕಾರವಲ್ಲ. ಮುಂಡವನ್ನು ನಿಶ್ಚಲವಾಗಿರಿಸಿ ಶಿರಸ್ಸನ್ನು ಮಾತ್ರ ಮತ್ತೆ ಮತ್ತೆ ಬರೆಯುವಾಗ ಅವೆರಡರ ಸಂಧಿಯನ್ನು ಮರೆಮಾಡುವ ಉಪಾಯವದು. ಬಡತನದಿಂದ ಹುಟ್ಟಿದ ಈ ಕೌಶಲವನ್ನು ನಾನು ಮನಸಾರೆ ಗೌರವಿಸುತ್ತೇನೆ. 1969ರಲ್ಲಿ ಇದೇ ಚಿತ್ರಶಾಲೆಯಿಂದ ಹೊರಬಂದ ಸ್ಕೂಬಿ-ಡೂ ಎಂಬ ಭೀರುವಾದ ನಾಯಿಯನ್ನು ಕಂಡು ನಕ್ಕ ಮಕ್ಕಳು ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದಿರಲಾಗಿ, 2014ರ ಸೆಪ್ಟೆಂಬರಿನಲ್ಲಿ ಇತರ ಜಾಲಗಳಂತೆ ಸಿ.ಡಬ್ಲ್ಯೂ. ಎಂಬ ಪ್ರಸಾರಜಾಲವೂ ತನ್ನ ಶನಿವಾರದ ಕಾರ್ಟೂನುಗಳನ್ನು ನಿಲ್ಲಿಸಿತು.