ಪರೀಕ್ಷೆಯ ಬಾಗಿಲವರೆಗೆ ಜೊತೆಗೆ ನಡೆದವರು: ಎಚ್‌ಐವಿ ತಪಾಸಣೆಯ ಚರಿತ್ರೆ ಮತ್ತು ಮೈಸೂರಿನ ಪೀರ್‌ಗಳು

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು, ಪರೀಕ್ಷೆ ನಡೆದದ್ದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ. ಆ ರಕ್ತ ಕೊಟ್ಟವರು ಸರ್ಕಾರಿ ಗೃಹದಲ್ಲಿ ಬಂಧಿತರಾಗಿದ್ದ ಲೈಂಗಿಕ ಕಾರ್ಯಕರ್ತೆಯರು. ಒಲ್ಲೆ ಎಂದು ಎದ್ದು ಹೋಗುವ ಸ್ಥಿತಿ ಅವರದಾಗಿರಲಿಲ್ಲ. ಈ ಶೋಧಕ್ಕೆ ವಿಜ್ಞಾನದ ಚರಿತ್ರೆಯಲ್ಲಿರುವ ಗೌರವ ನ್ಯಾಯವಾದದ್ದೇ. ಆದರೆ ತಪಾಸಣೆಯ ಚರಿತ್ರೆಯನ್ನು ಆ ಹೆಂಗಸರ ಕಡೆಯಿಂದಲೂ ಓದಬೇಕು. ಮೂರು ವರ್ಷಗಳ ನಂತರ, 1989ರಲ್ಲಿ, ಗೋವಾದ ಡೊಮಿನಿಕ್ ಡಿಸೋಜಾ ಅವರಿಗೆ ಸೋಂಕಿದೆಯೆಂದು ಗೊತ್ತಾದೊಡನೆ ಅವರನ್ನು 64 ದಿನ ಒಂಟಿಯಾಗಿ ಕೂಡಿಹಾಕಲಾಯಿತು. ಪರೀಕ್ಷೆಯೆಂದರೆ ಹಿಡಿದುಹಾಕುವುದು ಎಂಬ ಭಯ ಬೇರೂರಿದ್ದು ಇಂಥ ಘಟನೆಗಳಿಂದ. ಪರೀಕ್ಷೆಗೆ ಬಾರದವರನ್ನು ಕುರಿತ 'ತಲುಪಲಾಗದ ಗುಂಪು' ಎಂಬ ಸರ್ಕಾರಿ ಮಾತು ಈ ನೆನಪನ್ನು ಮುಚ್ಚಿಬಿಡುತ್ತದೆಂಬುದು ನನ್ನ ವಾದ.

1992ರಲ್ಲಿ ಕೋಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ದಂಧೆಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಅದು ದೊಡ್ಡ ತಿರುವು. ಆದರೆ ಸೋನಾಗಾಚಿ ಒಂದು ಕೇರಿ. ಅಲ್ಲಿ ಬಾಗಿಲುಗಳಿದ್ದವು, ತಟ್ಟಬಹುದಿತ್ತು. ಮೈಸೂರಿನಲ್ಲಿ ತಟ್ಟಲು ಬಾಗಿಲೇ ಇರಲಿಲ್ಲ. ಇಲ್ಲಿಯ ದಂಧೆ ಬೀದಿಯದು, ಲಾಡ್ಜಿನದು. ಸಂಜೆ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತ ಹೆಂಗಸು ಊರಿಗೆ ಹೊರಟವಳೋ, ಗಿರಾಕಿಗೆ ಕಾದವಳೋ ಎಂಬುದು ಅವಳ ಪಕ್ಕದಲ್ಲಿ ನಿಂತು ದುಡಿದವಳಿಗಷ್ಟೇ ಗೊತ್ತು. 2004ರಲ್ಲಿ ಇಲ್ಲಿ ಎಚ್‌ಐವಿ ತಡೆಯ ಕೆಲಸ ಆರಂಭವಾದಾಗ ನಡೆದ ಸಮೀಕ್ಷೆಯಲ್ಲಿ ಈ ಹೆಂಗಸರ ಪೈಕಿ ನೂರಕ್ಕೆ 26 ಮಂದಿಯಲ್ಲಿ ಎಚ್‌ಐವಿ ಸೋಂಕು ಕಂಡಿತ್ತು.

ಆ ಕೆಲಸದಲ್ಲಿ ಅವರಿಗೆ ಮೊದಲು ಕೊಟ್ಟದ್ದು ಕೂತು ಸುಧಾರಿಸಿಕೊಳ್ಳಲು ಒಂದು ಜಾಗ, ಒಂದು ಕ್ಲಿನಿಕ್, ಪೊಲೀಸರು ಎಳೆದೊಯ್ದರೆ ಓಡಿ ಬರುವ ಜನ. 2005ರ ಡಿಸೆಂಬರಿನಲ್ಲಿ ಈ ಹೆಂಗಸರು ತಮ್ಮದೇ ಸಂಘಟನೆಯಾಗಿ ಆಶೋದಯ ಸಮಿತಿಯನ್ನು ಕಟ್ಟಿದರು. 2006ರ ಮರುಸಮೀಕ್ಷೆಯಲ್ಲಿ ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೆ ಇಳಿದಿತ್ತು. ಎಚ್‌ಐವಿ 24ರಲ್ಲಿ ನಿಂತಿತ್ತು.

2003ರಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ನಡೆದ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆಯಲ್ಲಿ ಪೀರ್‌ಗಳ, ಅಂದರೆ ಸಮುದಾಯದೊಳಗಿನಿಂದಲೇ ಬಂದ ಕಾರ್ಯಕರ್ತೆಯರ, ಕೈಗೆ ಚಿತ್ರಗಳ ಹಾಳೆ ಬಂತು. ಅಕ್ಷರ ಬಾರದವಳೂ ತನ್ನ ಪಾಲಿನ ಪ್ರತಿ ಹೆಂಗಸಿನ ಲೆಕ್ಕ ಇಡಬಲ್ಲ ಹಾಳೆ ಅದು: ಕಾಂಡೋಮ್ ಎಷ್ಟು ಬೇಕು, ಎಷ್ಟು ಕೊಟ್ಟಾಯಿತು, ಕ್ಲಿನಿಕ್ಕಿಗೆ ಬಂದಳೋ ಇಲ್ಲವೋ. ಆಡಳಿತದ ಭಾಷೆಯಲ್ಲಿ ಇದು 'ಮೈಕ್ರೋಪ್ಲಾನಿಂಗ್'. ಯಾರು ಕಾಣಿಸಲಿಲ್ಲ, ಯಾಕೆ ಕಾಣಿಸಲಿಲ್ಲ ಎಂಬ ಪೀರ್‌ನ ಮನಸ್ಸಿನ ಲೆಕ್ಕವೇ ಇಲ್ಲಿ ಹಾಳೆಗೆ ಇಳಿದಿತ್ತು.

2007ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತ ಪೀರ್‌ಗಳ ಈ ಪದ್ಧತಿಯನ್ನು ದೇಶದ ನಿಯಮವಾಗಿಸಿತು: 60 ಜನಕ್ಕೊಬ್ಬ ಪೀರ್, ಆರು ತಿಂಗಳಿಗೊಮ್ಮೆ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ತಪಾಸಣೆ ಕೇಂದ್ರದಲ್ಲಿ ರಕ್ತಪರೀಕ್ಷೆ. ಐಸಿಟಿಸಿ ಇರುವುದು ಬಹುಮಟ್ಟಿಗೆ ಸರ್ಕಾರಿ ಆಸ್ಪತ್ರೆಯಲ್ಲಿ. ಚೀಟಿ ಮಾಡಿಸುವ ಕಿಟಕಿಯಲ್ಲೇ ಗಂಡನ ಹೆಸರು ಕೇಳುತ್ತಾರೆ, ಹಿಂದಿನ ಸಾಲು ಕಿವಿಗೊಡುತ್ತದೆ. ಆ ಸಾಲಿನಲ್ಲಿ ಜೊತೆಗೆ ನಿಲ್ಲುವುದೇ ಪೀರ್‌ನ ಅರ್ಧ ಕೆಲಸವಾಗಿತ್ತು. ಆದರೆ ಅರವತ್ತು, ಆರು ತಿಂಗಳು ಎಂಬ ಅಂಕಿಗಳು ಗುರಿಗಳಾದಾಗ ಜೊತೆಗೆ ಕರೆದೊಯ್ಯುವುದು ಎಳೆದೊಯ್ಯುವುದಾಗಿಬಿಡುವ ಅಪಾಯವೂ ಹುಟ್ಟಿತು. ಪೀರ್ ಸೋಲುವುದೂ ಇಲ್ಲಿಯೇ: ಗೆಳತಿಯ ಮುಖದಲ್ಲಿ ಇಲಾಖೆ ಕಂಡರೆ ಯಾವ ಹೆಂಗಸೂ ಮತ್ತೆ ಬರುವುದಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಕೂಡದೆಂದಿತು. ಮದ್ರಾಸಿನ ಆ ಗೃಹದಿಂದ ಇಲ್ಲಿಗೆ ತಲುಪಲು 32 ವರ್ಷ ಬೇಕಾಯಿತು.

ಈಗ ತಪಾಸಣೆಯೇ ಸಮುದಾಯದ ಬಳಿಗೆ ಬಂದಿದೆ. ತರಬೇತಿ ಪಡೆದ, ವೈದ್ಯಕೀಯ ಪದವಿಯಿಲ್ಲದವರೂ ಈ ಪರೀಕ್ಷೆ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿತು. ಬೆರಳ ತುದಿ ಚುಚ್ಚಿ ಒಂದು ಹನಿ, ಕೆಲವು ನಿಮಿಷದ ಕಾಯುವಿಕೆ. ಗೆರೆ ಮೂಡಿದರೂ ಅದು ಕೊನೆಯ ಮಾತಲ್ಲ. ಖಚಿತಪಡಿಸಿಕೊಳ್ಳಲು ಐಸಿಟಿಸಿಗೆ ಹೋಗಲೇಬೇಕು. ಗೆರೆ ಕಂಡಲ್ಲಿಂದ ಆಸ್ಪತ್ರೆಯ ಕಿಟಕಿಯವರೆಗಿನ ದಾರಿಯಲ್ಲೇ ಜನ ಕೈತಪ್ಪಿ ಹೋಗುವುದು. ಆ ದಿನದ ದುಡಿಮೆ ಬಿಟ್ಟು ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಬರುವವಳು ಅದೇ ಪೀರ್. ಅವಳಿಗೆ ಸಿಗುವ ಹಣಕ್ಕೆ ಲೆಕ್ಕಪತ್ರದಲ್ಲಿ ಈಗಲೂ ಗೌರವಧನವೆಂದೇ ಹೆಸರು.