ಕನ್ನಡಿಯೊಳಗಿನ ಗಂಟು

2017ರ ಮಳೆಗಾಲದ ಒಂದು ಬೆಳಿಗ್ಗೆ, ಪುಣೆಯ ನನ್ನ ಬಾಡಿಗೆ ಮನೆಯಲ್ಲಿ ಮೇಜಿನ ಕೆಳಗಿದ್ದ ಕಂಪ್ಯೂಟರ್ ಏಳಲಿಲ್ಲ. ರಾತ್ರಿ ಎರಡು ಮೂರು ಸಲ ಕರೆಂಟ್ ಹೋಗಿ ಬಂದಿತ್ತು. ಅದನ್ನು ಸರ್ವರ್ ಎಂದರೆ ದೊಡ್ಡ ಮಾತಾದೀತು. ಯಾವುದೋ ಆಫೀಸು ಬಿಸಾಡಿದ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಲಿನಕ್ಸ್, ಎರಡು ಹಾರ್ಡ್ ಡಿಸ್ಕ್. ಆ ಎರಡನ್ನು ಒಂದಕ್ಕೊಂದು ಕನ್ನಡಿಯಾಗಿ ಜೋಡಿಸಿದ್ದೆ. ಒಂದರ ಮೇಲೆ ಬರೆದದ್ದು ಆ ಕೂಡಲೇ ಇನ್ನೊಂದರ ಮೇಲೂ ಬರೆಯಲ್ಪಡುತ್ತದೆ. ಒಂದು ಸತ್ತರೆ ಇನ್ನೊಂದು ಇದೆ ಎಂಬ ಧೈರ್ಯ.

ಅದರಲ್ಲಿದ್ದದ್ದು ಅನುವಾದದ ಕೆಲಸ ಮಾತ್ರವಲ್ಲ. ಎಂ.ಎ. ಓದುವಾಗ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಅಲೆದು ಅಲ್ಲಿನ ಕನ್ನಡವನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಅತಿ ಹೆಚ್ಚು ಮಾತಾಡಿದ್ದ ಅಜ್ಜಿ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಕನ್ನಡಿ ಇದೆಯಲ್ಲ ಎಂದುಕೊಂಡಿದ್ದೆ.

ರಿಪೇರಿ ಅಂಗಡಿಯವನು ಮೊದಲ ಡಿಸ್ಕ್ ಸತ್ತಿದೆ ಎಂದ. ಅದನ್ನು ತೆಗೆದು ಎರಡನೆಯದನ್ನಷ್ಟೇ ಇಟ್ಟು ಶುರು ಮಾಡಿದರೆ, ಬೂಟ್ ಮಾಡಬಲ್ಲ ಸಾಧನವಿಲ್ಲ ಎಂದು ಪರದೆ ಹೇಳಿತು. 'ಇದರಲ್ಲೂ ಏನಿಲ್ಲ ಮೇಡಂ, ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಕೊಡ್ತೀನಿ' ಎಂದು ಹಿಂದಿ ಮರಾಠಿ ಬೆರೆಸಿ ಹೇಳಿದ. ಅವನು ಸುಳ್ಳು ಹೇಳಿದ್ದಲ್ಲ, ಪರದೆಯ ಮಾತನ್ನು ನಂಬಿದ್ದ ಅಷ್ಟೇ. ಕಾಣುತ್ತದೆ, ಕೈಗೆ ಸಿಗುವುದಿಲ್ಲ ಎನ್ನುವುದಕ್ಕೆ ನಾವು ಕನ್ನಡಿಯೊಳಗಿನ ಗಂಟು ಎನ್ನುತ್ತೇವೆ. ನನ್ನದು ತಿರುಗಾಮುರುಗಾ: ಗಂಟು ಕೈಯಲ್ಲೇ ಇತ್ತು, ಕಾಣುತ್ತಿರಲಿಲ್ಲ.

ಎರಡೂ ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಪಡಿಯಚ್ಚಿನಂಥ ಎರಡು ಡಿಸ್ಕ್‌ಗಳಲ್ಲಿ ಒಂದಕ್ಕೆ ಮಾತ್ರ ಏಳುವುದು ಗೊತ್ತು, ಇನ್ನೊಂದಕ್ಕೆ ಗೊತ್ತಿಲ್ಲ ಎಂದರೇನು? ಉತ್ತರ ಹುಡುಕುತ್ತ ಹೋದವಳು ಬಹಳ ಹಿಂದಕ್ಕೆ ಹೋಗಬೇಕಾಯಿತು.

ಕಂಪ್ಯೂಟರ್ ಕೆಲಸ ಮಾಡಲು ಅದರ ನೆನಪಿನಲ್ಲಿ ಪ್ರೋಗ್ರಾಂ ಇರಬೇಕು. ಪ್ರೋಗ್ರಾಂ ಅನ್ನು ನೆನಪಿಗೆ ತರಲು ಇನ್ನೊಂದು ಪ್ರೋಗ್ರಾಂ ಬೇಕು. ಹಾಗಾದರೆ ಮೊದಲನೆಯದನ್ನು ತರುವವರು ಯಾರು? ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರ ಎಂಬ ದೃಷ್ಟಾಂತ ನಮ್ಮ ತರ್ಕಶಾಸ್ತ್ರದವರಲ್ಲಿ ಬಳಕೆಯಲ್ಲಿದೆ. ಇಂಗ್ಲಿಷಿನವರು ಅದನ್ನೇ ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವುದು ಎಂದರು. ಆ ಬೂಟ್‌ಸ್ಟ್ರ್ಯಾಪ್ ಸವೆದು ಸವೆದು 'ಬೂಟ್' ಆಗಿ ಉಳಿದಿದೆ. 1952ರ ಐಬಿಎಂ 701ರಲ್ಲಿ ಇದಕ್ಕೊಂದು ಗುಂಡಿಯಿತ್ತು. ಒತ್ತಿದರೆ ಪಂಚ್ ಕಾರ್ಡಿನಿಂದಲೋ ಟೇಪಿನಿಂದಲೋ 36 ಬಿಟ್‌ಗಳ ಒಂದೇ ಒಂದು ಪದ ಒಳಗೆ ಬರುತ್ತಿತ್ತು. ಅದರ ಎಡ ಅರ್ಧವೇ ಮೊದಲ ಆಜ್ಞೆ, ಅದು ಮುಂದಿನದನ್ನು ಎಳೆದು ತರುತ್ತಿತ್ತು. 1975ರ ಆಲ್ಟೇರ್ 8800 ಕೊಂಡವರಿಗೆ ಆ ಗುಂಡಿಯೂ ಇರಲಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಮೊದಲ ಪ್ರೋಗ್ರಾಂ ಅನ್ನು ಕೈಯಾರೆ ತುಂಬಬೇಕಿತ್ತು.

ನನ್ನ ಸಮಸ್ಯೆಯ ಬೇರು ಇದ್ದದ್ದು 1983ರಲ್ಲಿ. ಆ ವರ್ಷ ಐಬಿಎಂ ಪಿಸಿ ಎಕ್ಸ್‌ಟಿ ಬಂತು, 10 ಮೆಗಾಬೈಟ್ ಹಾರ್ಡ್ ಡಿಸ್ಕಿನೊಂದಿಗೆ. ಅದರ ಜೊತೆಗೆ ಡಾಸ್ 2.0. ಡಿಸ್ಕನ್ನು ಪಾಲು ಮಾಡಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳಿಗೆ ಕೊಡುವ ವ್ಯವಸ್ಥೆಯೂ ಆಗಲೇ ಬಂತು. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ ನಾಲ್ಕು ಪಾಲುಗಳ ಪಟ್ಟಿಗೆ 64 ಬೈಟ್, ಕೊನೆಯ ಗುರುತಿಗೆ 2 ಬೈಟ್. ಎಬ್ಬಿಸುವ ಪ್ರೋಗ್ರಾಮಿಗೆ ಉಳಿದದ್ದು 446 ಬೈಟ್. ಬಯೋಸ್ ಈ ಸೆಕ್ಟರನ್ನು ನೆನಪಿಗೆ ತಂದು ಅದಕ್ಕೆ ಯಜಮಾನಿಕೆ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ಇಲ್ಲಿ ಒಂದು ಮಾತು ಗಮನಿಸಬೇಕು. ಈ ಮೊದಲ ಸೆಕ್ಟರ್ ಯಾವ ಪಾಲಿಗೂ ಸೇರಿದ್ದಲ್ಲ. ಊರಿನ ಹೊರಗಿನ ಅಗಸೆ ಬಾಗಿಲಿನ ಹಾಗೆ ಎಲ್ಲ ಪಾಲುಗಳ ಆಚೆಗೆ ನಿಂತಿರುತ್ತದೆ.

ಕನ್ನಡಿಯ ಕಥೆ ಬೇರೆಯೇ ಊರಿನದು. ಟ್ಯಾಂಡೆಮ್ ಎಂಬ ಕಂಪನಿ 1970ರ ದಶಕದಲ್ಲೇ, ನಿಲ್ಲಲೇಬಾರದ ಯಂತ್ರಗಳಿಗಾಗಿ ಡಿಸ್ಕ್‌ಗಳನ್ನು ಜೋಡಿಯಾಗಿ ಇಡುತ್ತಿತ್ತು. 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಪ್ರಬಂಧವೊಂದನ್ನು ಬರೆದು ಇದಕ್ಕೆಲ್ಲ ರೇಡ್ ಎಂಬ ಹೆಸರು ಕೊಟ್ಟರು. ಒಂದು ದೊಡ್ಡ ದುಬಾರಿ ಡಿಸ್ಕಿನ ಬದಲು ಹಲವು ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಕೂಡಿಸಿ ಎಂಬುದು ಅವರ ವಾದ. ಕನ್ನಡಿ ಅವರ ಪಟ್ಟಿಯಲ್ಲಿ ಒಂದನೆಯ ಹಂತ, ಅರ್ಧ ಜಾಗವನ್ನೇ ನುಂಗುವ ಹಂತ. ಅವರ ಲೆಕ್ಕಾಚಾರವೆಲ್ಲ ಡೇಟಾ ಉಳಿಯುತ್ತದೆಯೇ ಎಂಬುದರ ಮೇಲೆ. ಆ ವಿಚಾರ ಅಗ್ಗದ ಪಿಸಿಗೇ ಬಂದು, ಲಿನಕ್ಸ್‌ನಂಥ ಸಾಫ್ಟ್‌ವೇರ್ ಅದನ್ನು ಮಾಡತೊಡಗಿದಾಗ, ಸಾಮಾನ್ಯವಾಗಿ ಕನ್ನಡಿ ಹಿಡಿದದ್ದು ಪಾಲುಗಳಿಗೆ. ಅಗಸೆ ಬಾಗಿಲು ಕನ್ನಡಿಯ ಹೊರಗೇ ಉಳಿಯಿತು. ದುಬಾರಿ ರೇಡ್ ಕಾರ್ಡ್ ಇದ್ದರೆ ಈ ತೊಂದರೆ ಇಲ್ಲ, ಅದು ಇಡೀ ಡಿಸ್ಕನ್ನೇ ಒಂದಾಗಿ ತೋರಿಸುತ್ತದೆ. ಆಮೇಲೆ ಆ ಕಾರ್ಡೇ ಕೆಟ್ಟರೆ ಅದು ಬೇರೆ ಗೋಳು.

ಲಿನಕ್ಸನ್ನು ಎಬ್ಬಿಸಲು ಮೊದಮೊದಲು ಬಳಕೆಗೆ ಬಂದವುಗಳಲ್ಲಿ ಲಿಲೋ ಮುಖ್ಯ. ವರ್ನರ್ ಆಲ್ಮ್ಸ್‌ಬರ್ಗರ್ 1992ರಲ್ಲಿ ಬರೆದದ್ದು. ಭಾಷಾಶಾಸ್ತ್ರ ಓದಿದವಳಿಗೆ ಲಿಲೋ ಮೇಲೆ ಪ್ರೀತಿ ಹುಟ್ಟದೆ ಇರದು. 446 ಬೈಟಿನಲ್ಲಿ ಪೂರ್ತಿ ವಾಕ್ಯಗಳಿಗೆ ಜಾಗವೆಲ್ಲಿ? ಹಾಗಾಗಿ ಅದು ಒಂದೊಂದು ಹೆಜ್ಜೆ ಮುಗಿದಂತೆ ತನ್ನ ಹೆಸರಿನ ಒಂದೊಂದು ಅಕ್ಷರ ಮೂಡಿಸುತ್ತಿತ್ತು. 'ಎಲ್' ಬಂದು ಪಕ್ಕದಲ್ಲಿ ಅಂಕಿಗಳು ಸುರಿದರೆ, ಎರಡನೆಯ ಹಂತವನ್ನು ಓದಲಾಗಲಿಲ್ಲ ಎಂದರ್ಥ. 'ಎಲ್ ಐ' ಎಂದು ನಿಂತರೆ ಓದಿದೆ, ನಡೆಸಲಾಗಲಿಲ್ಲ. 'ಎಲ್ ಐ ಎಲ್' ಎಂದು ನಿಂತರೆ ಎರಡನೆಯ ಹಂತ ಶುರುವಾಗಿದೆ, ನಕ್ಷೆ ಸಿಗುತ್ತಿಲ್ಲ. ಪೂರ್ತಿ ಹೆಸರು ಬಂದರೆ ಎಲ್ಲ ಕ್ಷೇಮ. ಮಾತು ಎಲ್ಲಿ ತುಂಡಾಯಿತು ಎನ್ನುವುದೇ ರೋಗದ ಹೆಸರು!

ಲಿಲೋಗೆ ಫೈಲ್ ಎಂದರೇನೆಂದು ಗೊತ್ತಿರಲಿಲ್ಲ. ಕರ್ನಲ್ ಡಿಸ್ಕಿನ ಯಾವ ಯಾವ ಬ್ಲಾಕ್‌ಗಳಲ್ಲಿದೆ ಎಂದು ಬಾಯಿಪಾಠ ಮಾಡಿಟ್ಟುಕೊಳ್ಳುತ್ತಿತ್ತು. ಕರ್ನಲ್ ಬದಲಿಸಿ ಲಿಲೋವನ್ನು ಮತ್ತೆ ಓಡಿಸಲು ಮರೆತರೆ ಕೆಟ್ಟಿತು. ಎರಿಕ್ ಬೋಲಿನ್ 1995ರಲ್ಲಿ ಶುರು ಮಾಡಿದ ಗ್ರಬ್ ಹಾಗಲ್ಲ, ಅದಕ್ಕೆ ಫೈಲ್ ಸಿಸ್ಟಂ ಓದಲು ಬರುತ್ತದೆ. ಆದರೆ ಓದು ಬರಹ ಕಲಿತವನಿಗೆ 446 ಬೈಟಿನ ಗುಡಿಸಲು ಸಾಲುವುದೇ? ಗ್ರಬ್ ತನ್ನ ಉಳಿದ ಭಾಗವನ್ನು ಮೊದಲ ಸೆಕ್ಟರಿಗೂ ಮೊದಲ ಪಾಲಿಗೂ ನಡುವಿನ ಖಾಲಿ ಪಟ್ಟಿಯಲ್ಲಿ ಇಟ್ಟಿತು. ಹಳೆಯ ಪದ್ಧತಿಯಲ್ಲಿ ಅದು 62 ಸೆಕ್ಟರ್, 31 ಕಿಲೋಬೈಟ್. ಇದೂ ಯಾರ ಪಾಲಿಗೂ ಸೇರದ ಜಾಗ, ಇದೂ ಕನ್ನಡಿಯ ಹೊರಗೆ.

ಹಳೆಯ ಗ್ರಬ್‌ಗೆ ಕನ್ನಡಿಯ ಅರಿವೇ ಇರಲಿಲ್ಲ. ಜೋಡಿಯ ಅರ್ಧವನ್ನು ಒಂಟಿ ಡಿಸ್ಕ್ ಎಂದೇ ತಿಳಿದು ಓದುತ್ತಿತ್ತು. ಲಿನಕ್ಸ್ ತನ್ನ ಕನ್ನಡಿಯ ಗುರುತನ್ನು ಆಗ ಪಾಲಿನ ಕೊನೆಯಲ್ಲಿ ಬರೆಯುತ್ತಿದ್ದದ್ದರಿಂದ ಈ ಅಜ್ಞಾನ ನಡೆದುಹೋಯಿತು. ಮುಂದೆ ಗುರುತು ಪಾಲಿನ ಆರಂಭಕ್ಕೆ ಬಂದಾಗ ಹಳೆಯ ಗ್ರಬ್ ಕಕ್ಕಾಬಿಕ್ಕಿಯಾಯಿತು. ಗ್ರಬ್ 2 ಕನ್ನಡಿಯನ್ನು ಅರಿಯುತ್ತದೆ, ಆದರೆ ಆ ಅರಿವಿನ ತೂಕವೇ ಕೆಲವೊಮ್ಮೆ 31 ಕಿಲೋಬೈಟ್ ಮೀರಿ, ಇಲ್ಲಿ ಹಿಡಿಸುವುದಿಲ್ಲ ಎಂದು ಮುಷ್ಕರ ಹೂಡುತ್ತಿತ್ತು. ಈಗ ಮೊದಲ ಪಾಲು 1 ಮೆಗಾಬೈಟ್ ಬಿಟ್ಟು ಶುರುವಾಗುವುದರಿಂದ ಆ ಜಗಳ ಮುಗಿದಿದೆ.

ಅಂತೂ ನನ್ನ ಯಂತ್ರದಲ್ಲಿ ಆಗಿದ್ದು ಇಷ್ಟು. ಲಿನಕ್ಸ್ ಹಾಕುವಾಗ ಗ್ರಬ್ ಯಾವ ಡಿಸ್ಕಿಗೆ ಎಂದು ಕೇಳಿತ್ತು, ಮೊದಲನೆಯದಕ್ಕೆ ಎಂದಿದ್ದೆ. ಎರಡನೆಯದಕ್ಕೆ ಹಾಕುವುದು ನನ್ನ ಕೆಲಸವಾಗಿತ್ತು, ಮಾಡಿರಲಿಲ್ಲ. ಕನ್ನಡಿಯ ಸ್ಥಿತಿ ತೋರಿಸುವ ಫೈಲಿನಲ್ಲಿ ಎರಡು ಡಿಸ್ಕಿಗೆ ಎರಡು 'ಯು' ಕಾಣುತ್ತಿದ್ದವು, ಎರಡೂ ಆರೋಗ್ಯವಾಗಿವೆ ಎಂದು. ಅದು ಹೇಳಿದ್ದು ನಿಜವೇ. ಬಾಗಿಲಿನ ವಿಷಯ ಅದನ್ನು ಕೇಳಿದವರಾರು?

ಪೆನ್ ಡ್ರೈವಿನಿಂದ ಬೇರೊಂದು ಲಿನಕ್ಸ್ ಎಬ್ಬಿಸಿದೆ. ಉಳಿದ ಒಂದೇ ಡಿಸ್ಕಿನಿಂದ ಕನ್ನಡಿಯನ್ನು ಜೋಡಿಸಿ, ಅರ್ಧವೇ ಇದ್ದರೂ ನಡೆಸು ಎಂದು ಹೇಳಬೇಕು. ಅದನ್ನು ಮೌಂಟ್ ಮಾಡಿ, ಅದರೊಳಗೇ ಹೊಕ್ಕವರಂತೆ ನಟಿಸಿ, ಅಲ್ಲಿಂದ ಗ್ರಬ್ ಅನ್ನು ಆ ಡಿಸ್ಕಿನ ಮೊದಲ ಸೆಕ್ಟರಿಗೆ ಬರೆಸಬೇಕು. ನಾನು ಮೌಂಟ್ ಆದ ಕೂಡಲೇ ಗ್ರಬ್ ಮರೆತು ಫೋಲ್ಡರ್ ತೆರೆದೆ. ಮೊದಲ ಫೈಲ್ ಒತ್ತಿದೆ. ಕೋಳಿಯ ಸದ್ದು, ಆಮೇಲೆ ಅಜ್ಜಿ ರೆಕಾರ್ಡರ್ ನೋಡಿ ಕೇಳಿದ್ದು: 'ಚಾಲೂ ಆತೇನವ್ವಾ?'

ಗ್ರಬ್ ಬರೆಸಿದ್ದು ಅರ್ಧ ಗಂಟೆ ಬಿಟ್ಟು.

ಒಂದು ಡಿಸ್ಕ್ ಪೂರ್ತಿ ಸತ್ತದ್ದು ನನ್ನ ಅದೃಷ್ಟ ಎಂದು ಆಮೇಲೆ ತಿಳಿಯಿತು. ಅರ್ಧ ಸತ್ತ ಡಿಸ್ಕ್ ಇನ್ನೂ ಕಷ್ಟ. ಅದರ ಮೊದಲ ಸೆಕ್ಟರ್ ಚೆನ್ನಾಗಿದ್ದು ಮುಂದಿನವು ಕೆಟ್ಟಿದ್ದರೆ, ಬಯೋಸ್ ಅದಕ್ಕೇ ಯಜಮಾನಿಕೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಎರಡನೆಯ ಡಿಸ್ಕಿನಲ್ಲಿ ಗ್ರಬ್ ಇದ್ದರೂ ಅದರ ಸರದಿ ಬರುವುದೇ ಇಲ್ಲ. ಕೇಬಲ್ ಕೀಳುವುದು ಒಂದು ದಾರಿ. ಸತ್ತ ಡಿಸ್ಕಿನ ಜಾಗಕ್ಕೆ ಹೊಸದನ್ನು ಹಾಕಿದಾಗಲೂ ಇದೇ ಮರೆವು ಕಾದಿರುತ್ತದೆ. ಪಾಲುಗಳೆಲ್ಲ ತುಂಬಿ ಎರಡು 'ಯು' ಮತ್ತೆ ಮೂಡುತ್ತವೆ, ಹೊಸ ಡಿಸ್ಕಿನ ಬಾಗಿಲು ಮಾತ್ರ ಖಾಲಿ.

ಈ ಬಿರುಕು ಎಲ್ಲರಿಗೂ ಒಟ್ಟಿಗೆ ಕಂಡದ್ದು 2020ರಲ್ಲಿ. ಜುಲೈ 29ರಂದು ಗ್ರಬ್ 2ರ ಭದ್ರತಾ ದೋಷವೊಂದು ಬಯಲಾಯಿತು, ಬೂಟ್‌ಹೋಲ್ ಎಂದು ಅದರ ಹೆಸರು. ಡೆಬಿಯನ್, ಉಬುಂಟು ಮುಂತಾದವು ತಿದ್ದುಪಡಿ ಹಂಚಿದವು. ತಿದ್ದುಪಡಿಯಲ್ಲಿ 'ಗ್ರಬ್_ಕ್ಯಾಲಕ್' ಎಂಬ ಹೊಸ ಫಂಕ್ಷನ್ ಇತ್ತು. ಗ್ರಬ್‌ನ ಮಾಡ್ಯೂಲ್‌ಗಳು ಪಾಲಿನ ಒಳಗಿರುವುದರಿಂದ ಕನ್ನಡಿಯ ಎರಡೂ ಬದಿಯಲ್ಲಿ ಹೊಸದಾದವು. ಬಾಗಿಲ ಬಳಿಯ ತಿರುಳು ಮಾತ್ರ ಯಾವ ಡಿಸ್ಕಿನ ಹೆಸರು ಬರೆದಿಟ್ಟಿತ್ತೋ ಅದರಲ್ಲಷ್ಟೇ ಬದಲಾಯಿತು. ಬಯೋಸ್ ಇನ್ನೊಂದರಿಂದ ಎದ್ದ ಯಂತ್ರಗಳಲ್ಲಿ ಹಳೆಯ ತಿರುಳು ಹೊಸ ಮಾಡ್ಯೂಲನ್ನು ಭೇಟಿಯಾಯಿತು. ಹೊಸಬ ಒಂದು ಪದ ಆಡಿದ, ಹಳಬನಿಗೆ ಅದು ತಿಳಿಯಲಿಲ್ಲ. ಆ ಹೆಸರಿನ ಸಂಕೇತ ಸಿಗಲಿಲ್ಲ ಎಂಬ ಒಂದು ಸಾಲು, ಕೆಳಗೆ 'ಗ್ರಬ್ ರೆಸ್ಕ್ಯೂ' ಎಂಬ ಬೋಳು ಸೂಚನೆ. ಇಂಥದ್ದೇ ಪರದೆ ಕಂಡರೆ ಗಾಬರಿಯಾಗಬೇಡಿ, ಫಾರ್ಮ್ಯಾಟಂತೂ ಬೇಡವೇ ಬೇಡ. ಡೇಟಾಕ್ಕೆ ಏನೂ ಆಗಿರುವುದಿಲ್ಲ. ಪೆನ್ ಡ್ರೈವಿನಿಂದ ಎದ್ದು ಎರಡೂ ಡಿಸ್ಕಿಗೆ ಗ್ರಬ್ ಬರೆಸಿದರೆ ಸಾಕು.

ಈಗಿನ ಯಂತ್ರಗಳಲ್ಲಿ ಬಯೋಸ್ ಹೋಗಿ ಯುಇಎಫ್‌ಐ ಬಂದಿದೆ. 446 ಬೈಟಿನ ಬಡತನ ಇಲ್ಲ, ಬೂಟ್ ಲೋಡರಿಗೆ ಫ್ಯಾಟ್ ಫೈಲ್ ಸಿಸ್ಟಮ್ಮಿನ ಸ್ವಂತ ಪಾಲೇ ಇದೆ. ಅಷ್ಟಾದರೂ ಯುಇಎಫ್‌ಐಗೆ ಲಿನಕ್ಸ್‌ನ ಕನ್ನಡಿ ಗೊತ್ತಿಲ್ಲ. ಕೆಲವರು ಗುರುತನ್ನು ಕೊನೆಯಲ್ಲಿಡುವ ಹಳೆಯ ಉಪಾಯ ಹೂಡಿ ಈ ಪಾಲಿಗೂ ಕನ್ನಡಿ ಹಿಡಿಯುತ್ತಾರೆ. ಫರ್ಮ್‌ವೇರ್ ಒಂದು ಬದಿಗೆ ಮಾತ್ರ ಏನಾದರೂ ಬರೆದರೆ ಎರಡೂ ಬದಿ ಬೇರೆಯಾಗುತ್ತವೆ, ಯಾರಿಗೂ ಗೊತ್ತಾಗದಂತೆ. ನಾನು ಎರಡು ಡಿಸ್ಕಿನಲ್ಲೂ ಬೇರೆ ಬೇರೆ ಪಾಲು ಮಾಡಿ ಕೈಯಾರೆ ನಕಲು ಮಾಡುತ್ತೇನೆ.

ಅಜ್ಜಿಯ ಧ್ವನಿಯ ಪ್ರತಿ ಈಗ ಮೂರು ಕಡೆ ಇದೆ, ಅದರಲ್ಲೊಂದು ಸೊಲ್ಲಾಪುರದಲ್ಲಿ ಅವರ ಮೊಮ್ಮಗಳ ಬಳಿ. ವರ್ಷಕ್ಕೊಮ್ಮೆ ರಜೆಯ ದಿನ ನೋಡಿ ಒಂದು ಡಿಸ್ಕಿನ ಕೇಬಲ್ ಕಿತ್ತು ಯಂತ್ರ ಏಳುತ್ತದೆಯೇ ಎಂದು ನೋಡುತ್ತೇನೆ, ಆಮೇಲೆ ಇನ್ನೊಂದರದು. ಇವೆರಡರ ನಡುವೆ ಅವಸರ ಮಾಡಬಾರದು. ಕಿತ್ತ ಡಿಸ್ಕ್ ಹಳತಾಗಿರುತ್ತದೆ, ಅದನ್ನು ಮರಳಿ ಸೇರಿಸಿ ಎರಡೂ ಸರಿಸಮ ಆಗುವವರೆಗೆ ಕಾಯಬೇಕು. ನನ್ನಲ್ಲಿ ಅದಕ್ಕೆ ಮೂರು ಗಂಟೆಯ ಹತ್ತಿರ ಹಿಡಿಯುತ್ತದೆ. ಅಷ್ಟರಲ್ಲಿ ಅಡುಗೆ ಆಗುತ್ತದೆ.